ಎರಡನೇ ವರ್ಷದ ಸ್ಪ್ಯಾನಿಷ್‌ಗೆ ಮನೆಯ ಕನ್ನಡ

ಅಮೆರಿಕದ ಹೈಸ್ಕೂಲಿನಲ್ಲಿ ಸ್ಪ್ಯಾನಿಷ್ ತೆಗೆದುಕೊಂಡ ಮಕ್ಕಳಿಗೆ ಮೊದಲ ವರ್ಷ ಸಲೀಸು. ಬಣ್ಣ, ಅಂಕಿ, ವಾರಗಳು, ಮನೆಮಂದಿ, ತಿಂಡಿತಿನಿಸು, ವರ್ತಮಾನ ಕಾಲದ ಒಂದಷ್ಟು ಕ್ರಿಯಾಪದಗಳು. ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿದರೂ ನಡೆದುಹೋಗುತ್ತದೆ. ‘ಸ್ಪ್ಯಾನಿಷ್ 2’ ಹಾಗಲ್ಲ. ಒಂಬತ್ತನೆಯದೋ ಹತ್ತನೆಯದೋ ತರಗತಿಯಲ್ಲಿ ಅದು ಶುರುವಾಗಿ, ಹಳೆಯ ಪಾಠದ ಮೆಲುಕು ಮುಗಿಯುತ್ತಿದ್ದಂತೆ ಭೂತಕಾಲ ಬರುತ್ತದೆ. ಅದೂ ಒಂದಲ್ಲ, ಎರಡು. ಅದರ ಬೆನ್ನಿಗೇ ‘ಅವನಿಗೆ’, ‘ಅವನನ್ನು’, ‘ಅದನ್ನು’ ಎಂಬ ಅರ್ಥದ ಪುಟ್ಟ ಪುಟ್ಟ ಸರ್ವನಾಮಗಳು, ತನಗೆ ತಾನೇ ಮಾಡಿಕೊಳ್ಳುವ ಕೆಲಸದ ಕ್ರಿಯಾಪದಗಳು, ಆಜ್ಞೆಯ ರೂಪಗಳು. ಕಳೆದ ವರ್ಷ ‘ಎ’ ತಂದ ಹುಡುಗಿ ಈಗ ‘ಸಿ’ ತಂದು ಬಾಗಿಲು ಹಾಕಿಕೊಂಡು ಕೂರುವುದು ಈ ಹಂತದಲ್ಲೇ.

ಆಗ ಹೆಚ್ಚಿನ ಕನ್ನಡದ ಅಪ್ಪ ಅಮ್ಮ ‘ನಮಗೆ ಸ್ಪ್ಯಾನಿಷ್ ಬರಲ್ಲಮ್ಮ’ ಎಂದು ಕೈಚೆಲ್ಲಿ ಟ್ಯೂಷನ್ ಹುಡುಕುತ್ತಾರೆ. ಟ್ಯೂಷನ್ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಎರಡನೇ ವರ್ಷದ ಪಾಠಗಳಲ್ಲಿ ಮಕ್ಕಳು ಎಡವುವುದು ಬಹುಪಾಲು ಅವನ್ನು ಇಂಗ್ಲಿಷಿನ ಮೂಲಕ ಅರ್ಥಮಾಡಿಕೊಳ್ಳಲು ಹೊರಡುವುದರಿಂದ. ಇಂಗ್ಲಿಷ್ ಗಮನಿಸದ ಎಷ್ಟೋ ವ್ಯತ್ಯಾಸಗಳನ್ನು ಸ್ಪ್ಯಾನಿಷ್ ಗಮನಿಸುತ್ತದೆ, ಕನ್ನಡವೂ ಗಮನಿಸುತ್ತದೆ. ಮಗು ನಿಮಗೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರೂ ಚಿಂತೆಯಿಲ್ಲ. ಕನ್ನಡ ಓದಲು ಬರೆಯಲು ಬಾರದಿದ್ದರೂ ಅಡ್ಡಿಯಿಲ್ಲ. ಊರಿನಿಂದ ಅಜ್ಜಿ ಫೋನಿನಲ್ಲಿ ಹೇಳಿದ್ದು ಅರ್ಥವಾದರೆ ಸಾಕು, ಕೆಳಗಿನದೆಲ್ಲ ಉಪಯೋಗಕ್ಕೆ ಬರುತ್ತದೆ. ಇಲ್ಲಿ ಸ್ಪ್ಯಾನಿಷ್ ಪದಗಳನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ, ಅಪ್ಪ ಅಮ್ಮ ಜೋರಾಗಿ ಓದಲಿ ಎಂದು.

ಎರಡು ಭೂತಕಾಲ

ಸ್ಪ್ಯಾನಿಷ್‌ನಲ್ಲಿ ಆಗಿ ಮುಗಿದ ಕೆಲಸಕ್ಕೆ ಒಂದು ರೂಪ, ಆಗುತ್ತಲಿದ್ದ ಅಥವಾ ರೂಢಿಯಾಗಿದ್ದ ಕೆಲಸಕ್ಕೆ ಇನ್ನೊಂದು ರೂಪ. ಮೊದಲನೆಯದನ್ನು ಕ್ಲಾಸಿನಲ್ಲಿ ಪ್ರೆಟೆರಿಟ್ ಎಂದೂ ಎರಡನೆಯದನ್ನು ಇಂಪರ್ಫೆಕ್ಟ್ ಎಂದೂ ಕರೆಯುತ್ತಾರೆ. ಇಂಗ್ಲಿಷಿನಲ್ಲಿ ‘ನಿನ್ನೆ ಅಂಗಡಿಗೆ ಹೋದೆ’ ಎನ್ನಲೂ ‘ಚಿಕ್ಕಂದಿನಲ್ಲಿ ಪ್ರತಿ ಬೇಸಿಗೆ ಅಜ್ಜಿ ಮನೆಗೆ ಹೋಗುತ್ತಿದ್ದೆ’ ಎನ್ನಲೂ ಒಂದೇ ರೂಪ ಸಾಕಾಗುವುದುಂಟು. ಹಾಗಾಗಿ ಟೀಚರು ನಿಯಮಗಳ ಉದ್ದ ಪಟ್ಟಿ ಕೊಡಬೇಕಾಗುತ್ತದೆ, ಮಕ್ಕಳು ಆ ಪಟ್ಟಿಯನ್ನು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಗೊಂದಲಕ್ಕೆ ಬೀಳುತ್ತಾರೆ.

ಕನ್ನಡದ ಕಿವಿಗೆ ಆ ಪಟ್ಟಿ ಬೇಕಿಲ್ಲ. ‘ಹೋದೆ’ ಎಂದು ಬಾಯಿಗೆ ಬಂದರೆ ಪ್ರೆಟೆರಿಟ್: ‘ಫುಯಿ’. ‘ಹೋಗುತ್ತಿದ್ದೆ’ ಎಂದು ಬಂದರೆ ಇಂಪರ್ಫೆಕ್ಟ್: ‘ಈಬಾ’. ನಮ್ಮ ‘-ುತ್ತಿದ್ದೆ’ ಎರಡೂ ಕೆಲಸ ಮಾಡುತ್ತದೆ. ಆ ಗಳಿಗೆಯಲ್ಲಿ ನಡೆಯುತ್ತಿದ್ದುದನ್ನೂ ಹೇಳುತ್ತದೆ, ವರ್ಷಗಟ್ಟಲೆ ರೂಢಿಯಾಗಿದ್ದುದನ್ನೂ ಹೇಳುತ್ತದೆ. ಸ್ಪ್ಯಾನಿಷ್‌ನ ಇಂಪರ್ಫೆಕ್ಟ್ ಮಾಡುವುದೂ ಇದೇ ಎರಡು ಕೆಲಸ. ‘ನಾನು ಊಟ ಮಾಡುತ್ತಿದ್ದೆ, ಆಗ ಫೋನ್ ಬಂತು’ ಎನ್ನುವುದು ‘ಕೊಮೀಯಾ ಕ್ವಾಂದೊ ಸೊನೋ ಎಲ್ ತೆಲೇಫೊನೊ’. ‘ಮಾಡುತ್ತಿದ್ದೆ’ಗೆ ಇಂಪರ್ಫೆಕ್ಟ್, ‘ಬಂತು’ಗೆ ಪ್ರೆಟೆರಿಟ್. ಪಠ್ಯಪುಸ್ತಕದಲ್ಲಿ ಬಿಟ್ಟ ಸ್ಥಳ ತುಂಬುವ ಅಭ್ಯಾಸ ಬಂದಾಗ ಮಗು ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ಕನ್ನಡದಲ್ಲಿ ಹೇಳಿಕೊಳ್ಳಲಿ. ಹೆಚ್ಚಿನ ಕಡೆ ಉತ್ತರ ಅಲ್ಲೇ ಇರುತ್ತದೆ.

ಇನ್ನೂ ಸೊಗಸಾದದ್ದು ಮುಂದಿದೆ. ‘ಸಬೇರ್’ ಎಂಬ ಕ್ರಿಯಾಪದ ಇಂಪರ್ಫೆಕ್ಟ್‌ನಲ್ಲಿ ‘ಸಬೀಯಾ’, ಪ್ರೆಟೆರಿಟ್‌ನಲ್ಲಿ ‘ಸೂಪೆ’. ರೂಪ ಬದಲಾದರೆ ಅರ್ಥವೂ ಬದಲಾಗುತ್ತದೆ ಎಂದು ಪುಸ್ತಕ ಎಚ್ಚರಿಸುತ್ತದೆ, ಮಕ್ಕಳು ಇದನ್ನೊಂದು ವಿಚಿತ್ರವೆಂದು ಬರೆದುಕೊಳ್ಳುತ್ತಾರೆ. ಕನ್ನಡದಲ್ಲಿ ವಿಚಿತ್ರವೇನೂ ಇಲ್ಲ. ‘ಸಬೀಯಾ’ ಎಂದರೆ ‘ಗೊತ್ತಿತ್ತು’, ‘ಸೂಪೆ’ ಎಂದರೆ ‘ಗೊತ್ತಾಯಿತು’. ಹಾಗೆಯೇ ‘ಕೊನೊಸೀಯಾ’ ಎಂದರೆ ‘ಪರಿಚಯವಿತ್ತು’, ‘ಕೊನೊಸೀ’ ಎಂದರೆ ‘ಪರಿಚಯವಾಯಿತು’. ವಿಷಯ ತಿಳಿದಿರುವುದು ಬೇರೆ, ಮನುಷ್ಯರ ಪರಿಚಯವಿರುವುದು ಬೇರೆ ಎನ್ನುವ ಇನ್ನೊಂದು ಪಾಠವೂ ಈ ಉದಾಹರಣೆಯಲ್ಲೇ ಮುಗಿಯಿತು. ‘ಇತ್ತು’ ಮತ್ತು ‘ಆಯಿತು’, ಈ ಎರಡನ್ನು ನೆನಪಿಟ್ಟರೆ ವಯಸ್ಸು, ಗಂಟೆ, ಹವೆ, ಮನಸ್ಥಿತಿಗಳನ್ನು ವರ್ಣಿಸಲು ಇಂಪರ್ಫೆಕ್ಟ್ ಏಕೆ ಬೇಕೆಂಬುದೂ ತಿಳಿಯುತ್ತದೆ: ಆಗ ನನಗೆ ಹತ್ತು ವರ್ಷವಾಗಿತ್ತು, ಮೂರು ಗಂಟೆಯಾಗಿತ್ತು, ಚಳಿಯಿತ್ತು, ಹೆದರಿಕೆಯಿತ್ತು.

ಒಂದು ಕಡೆ ಮಾತ್ರ ಕನ್ನಡವನ್ನು ಕಣ್ಣುಮುಚ್ಚಿ ನಂಬಬಾರದು. ‘ಮೂರು ವರ್ಷ ಮೈಸೂರಿನಲ್ಲಿದ್ದೆವು’ ಎನ್ನುವಾಗ ನಾವು ‘ಇದ್ದೆವು’ ಎನ್ನುತ್ತೇವೆ. ಆದರೆ ಕಾಲದ ಲೆಕ್ಕ ಕೊಟ್ಟು ಆ ಅಧ್ಯಾಯ ಮುಗಿಯಿತೆಂದು ಹೇಳುತ್ತಿರುವುದರಿಂದ ಸ್ಪ್ಯಾನಿಷ್ ಅಲ್ಲಿ ಪ್ರೆಟೆರಿಟ್ ಕೇಳುತ್ತದೆ. ಇಷ್ಟು ದಿನ, ಇಷ್ಟು ಸಲ, ಇಂಥ ದಿನದವರೆಗೆ ಎಂಬ ಲೆಕ್ಕ ವಾಕ್ಯದಲ್ಲಿದ್ದರೆ ಒಮ್ಮೆ ನಿಂತು ಯೋಚಿಸಬೇಕು.

ಯಾವ ರೂಪ ಎಂದು ಗೊತ್ತಾಗುವುದು ಅರ್ಧ ಕೆಲಸ. ಆ ರೂಪವನ್ನು ಸರಿಯಾಗಿ ಬರೆಯುವುದು ಉಳಿದರ್ಧ, ಇಲ್ಲಿ ಬಾಯಿಪಾಠ ತಪ್ಪದು. ಇಂಪರ್ಫೆಕ್ಟ್‌ನಲ್ಲಿ ದಾರಿ ತಪ್ಪುವ ಕ್ರಿಯಾಪದಗಳು ಮೂರೇ: ‘ಸೆರ್’, ‘ಇರ್’, ‘ಬೇರ್’. ಪ್ರೆಟೆರಿಟ್‌ನಲ್ಲಿ ಬಹಳ. ಅವನ್ನು ಅಕಾರಾದಿಯಾಗಿ ಕಲಿಯುವುದು ಶ್ರಮದ ದಾರಿ, ದನಿಯ ಪ್ರಕಾರ ಗುಂಪು ಮಾಡಿ. ‘ತೂಬೆ, ಎಸ್ತೂಬೆ, ಪೂದೆ, ಪೂಸೆ, ಸೂಪೆ’ ಒಂದು ಸಾಲು. ‘ಈಸೆ, ಬೀನೆ, ಕೀಸೆ’ ಇನ್ನೊಂದು. ‘ದೀಹೆ, ತ್ರಾಹೆ’ ಮತ್ತೊಂದು. ಮಗ್ಗಿಯ ಹಾಗೆ ರಾಗವಾಗಿ ಹೇಳಿದರೆ ನಾಲಗೆಗೆ ಹತ್ತುತ್ತದೆ. ‘ಇರ್’ ಅಂದರೆ ಹೋಗು, ‘ಸೆರ್’ ಅಂದರೆ ಆಗಿರು. ಪ್ರೆಟೆರಿಟ್‌ನಲ್ಲಿ ಇವೆರಡರ ರೂಪಗಳೂ ಒಂದೇ. ಅದನ್ನು ಎರಡು ಸಲ ಕಲಿಯಬೇಕಾಗಿಲ್ಲ ಎಂದು ಮಕ್ಕಳಿಗೆ ಮೊದಲೇ ಹೇಳಿಬಿಡಿ.

‘ಗೆ’ ಮತ್ತು ‘ಅನ್ನು’

ಭೂತಕಾಲದ ನಂತರ ಹೆಚ್ಚು ಅಂಕ ಕಳೆಯುವ ಜಾಗ ಸರ್ವನಾಮಗಳದು. ‘ಲೆ’ ಹಾಕಬೇಕೋ ‘ಲೊ’ ಹಾಕಬೇಕೋ? ಇಂಗ್ಲಿಷಿನಲ್ಲಿ ‘ಅವನಿಗೆ’ ಎನ್ನಲೂ ‘ಅವನನ್ನು’ ಎನ್ನಲೂ ಪದ ಒಂದೇ, ಅದರ ಸಹಾಯದಿಂದ ಈ ಪ್ರಶ್ನೆ ಬಿಡಿಸಲಾಗದು. ಕನ್ನಡದಲ್ಲಿ ಚತುರ್ಥಿ ಬೇರೆ, ದ್ವಿತೀಯೆ ಬೇರೆ. ವಿಭಕ್ತಿಯ ಹೆಸರು ಮಗುವಿಗೆ ಗೊತ್ತಿರಬೇಕಿಲ್ಲ. ‘ಅವನಿಗೆ’ ಎಂದು ಬಂದರೆ ‘ಲೆ’, ‘ಅವನನ್ನು’ ಎಂದು ಬಂದರೆ ‘ಲೊ’, ‘ಅವಳನ್ನು’ ಎಂದು ಬಂದರೆ ‘ಲಾ’.

ಎರಡೂ ಒಟ್ಟಿಗೆ ಬಂದಾಗ ಅಮೆರಿಕದ ಮಕ್ಕಳು ಬೆವರುತ್ತಾರೆ, ಯಾವುದು ಮೊದಲು ಎಂದು. ‘ನನಗೆ ಅದನ್ನು ಕೊಟ್ಟಳು’ ಎನ್ನಲು ‘ಮೆ ಲೊ ದಿಯೋ’. ಪದಗಳನ್ನು ಒಂದೊಂದಾಗಿ ಹೊಂದಿಸಿ ನೋಡಿ: ನನಗೆ, ಅದನ್ನು, ಕೊಟ್ಟಳು. ಅನುಕ್ರಮವೂ ನಮ್ಮದೇ! ‘ಅವನಿಗೆ ಅದನ್ನು ಕೊಟ್ಟೆ’ ಎನ್ನುವಾಗ ‘ಲೆ ಲೊ’ ಎಂದು ಎರಡು ‘ಲ’ಕಾರ ಜೊತೆಯಾಗುವಂತಿಲ್ಲವಾದ್ದರಿಂದ ಮೊದಲನೆಯದು ‘ಸೆ’ ಆಗುತ್ತದೆ: ‘ಸೆ ಲೊ ದೀ’. ಆದರೆ ‘ಮಾಡು’ ಎನ್ನುವ ಆಜ್ಞೆಯಲ್ಲಿ ಇವು ಕ್ರಿಯಾಪದದ ಬಾಲಕ್ಕೆ ಅಂಟುತ್ತವೆ. ‘ನನಗೆ ಅದನ್ನು ಕೊಡು’ ಎನ್ನುವುದು ‘ದಾಮೆಲೊ’. ಇಲ್ಲೂ ಒಂದು ಎಚ್ಚರಿಕೆಯಿದೆ. ‘ಟೀಚರನ್ನು ಕೇಳಿದೆ’ ಎಂದು ನಾವು ‘ಅನ್ನು’ ಹಾಕುತ್ತೇವೆ, ಪ್ರಶ್ನೆ ಕೇಳುವ ‘ಪ್ರೆಗುಂತಾರ್’ಗೆ ಸ್ಪ್ಯಾನಿಷ್‌ನಲ್ಲಿ ‘ಲೆ’ ಬೇಕು. ಇಂಥ ಹೊಂದದ ಜೋಡಿಗಳಿಗಾಗಿ ನೋಟ್‌ಬುಕ್ಕಿನ ಕೊನೆಯ ಪುಟವೊಂದನ್ನು ಮೀಸಲಿಡಿ, ಸಿಕ್ಕಿದಂತೆಲ್ಲ ಬರೆದುಕೊಳ್ಳಲಿ.

‘ಮೆ ಗುಸ್ತಾ’ ಮೊದಲ ವರ್ಷದಲ್ಲೇ ಬಂದಿರುತ್ತದೆ, ಆದರೆ ಎರಡನೇ ವರ್ಷದಲ್ಲಿ ಅದರ ಬಳಗವೆಲ್ಲ ಬರುತ್ತದೆ. ಇಂಗ್ಲಿಷ್ ಮನಸ್ಸಿಗೆ ಇದು ತಲೆಕೆಳಗಾದ ವಾಕ್ಯ. ನಮಗೆ ನೇರ: ‘ನನಗೆ ಇಷ್ಟ’. ‘ಹಾಡು ಇಷ್ಟವಾಯಿತು, ಹಾಡುಗಳು ಇಷ್ಟವಾದವು’ ಎಂದು ಹೇಳಿಸಿದರೆ ಒಂದಕ್ಕೆ ‘ಗುಸ್ತಾ’, ಹಲವಕ್ಕೆ ‘ಗುಸ್ತಾನ್’ ಏಕೆಂಬುದು ವಿವರಣೆಯಿಲ್ಲದೆ ಹೊಳೆಯುತ್ತದೆ. ಇಷ್ಟಪಡುವವರು ಎಷ್ಟೇ ಜನರಿರಲಿ, ಕ್ರಿಯಾಪದ ಅನುಸರಿಸುವುದು ಇಷ್ಟವಾದ ವಸ್ತುವನ್ನು. ‘ಮೆ ದುಯೆಲೆ ಲಾ ಕಬೇಸಾ’, ನನಗೆ ತಲೆ ನೋಯುತ್ತಿದೆ. ‘ಮೆ ಪರೇಸೆ’, ನನಗೆ ಅನಿಸುತ್ತದೆ. ಆದರೆ ಹಸಿವು, ಬಾಯಾರಿಕೆ, ವಯಸ್ಸು ಈ ಗುಂಪಿಗೆ ಸೇರಿಲ್ಲ. ‘ನನಗೆ ಹಸಿವು’ ಎನ್ನಲು ಸ್ಪ್ಯಾನಿಷ್‌ನಲ್ಲಿ ‘ಹಸಿವನ್ನು ಹೊಂದಿದ್ದೇನೆ’ ಎನ್ನುವ ಧಾಟಿ: ‘ತೆಂಗೊ ಆಂಬ್ರೆ’.

‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದ ಕೂಡ ಬೆಲೆಬಾಳುವಂಥದು. ಬಟ್ಟಲು ತೊಳೆದರೆ ‘ತೊಳೆದೆ’, ನನ್ನದೇ ಕೈಯಾದರೆ ‘ತೊಳೆದುಕೊಂಡೆ’. ಸ್ಪ್ಯಾನಿಷ್‌ನ ‘ಲಬಾರ್’ ಮತ್ತು ‘ಲಬಾರ್ಸೆ’ ನಡುವೆ ಇರುವುದೂ ಇಷ್ಟೇ. ‘ಮೆ ಲಬೇ ಲಾಸ್ ಮಾನೊಸ್’ ಎನ್ನುವಲ್ಲಿ ‘ನನ್ನ’ ಎಂಬ ಪದವಿಲ್ಲ, ‘ಕೈ ತೊಳೆದುಕೊಂಡೆ’ ಎನ್ನುವಾಗ ನಾವೂ ‘ನನ್ನ ಕೈ’ ಎನ್ನುವುದಿಲ್ಲ. ಬೆಳಗಿನ ದಿನಚರಿ ಹೇಳುವ ಪಾಠ ಬಂದಾಗ ತಲೆ ಬಾಚಿಕೊಂಡೆ, ಬಟ್ಟೆ ಹಾಕಿಕೊಂಡೆ ಎಂದು ಕನ್ನಡದಲ್ಲೊಮ್ಮೆ ಹೇಳಿಸಿ. ಎಲ್ಲೆಲ್ಲಿ ‘ಕೊಂಡೆ’ ಬರುತ್ತದೋ ಅಲ್ಲೆಲ್ಲ ಹೆಚ್ಚಾಗಿ ‘ಮೆ’ ಬರುತ್ತದೆ.

ಮನುಷ್ಯರು ಕರ್ಮಪದವಾದಾಗ ಸ್ಪ್ಯಾನಿಷ್ ಅವರ ಮುಂದೆ ‘ಆ’ ಎಂಬ ಅಕ್ಷರ ಹಾಕುತ್ತದೆ, ವಸ್ತುಗಳಿಗೆ ಹಾಕುವುದಿಲ್ಲ. ‘ಬೆಯೊ ಲಾ ಕಾಸಾ’, ಮನೆ ನೋಡುತ್ತೇನೆ. ‘ಬೆಯೊ ಆ ಮರೀಯಾ’, ಮರಿಯಾಳನ್ನು ನೋಡುತ್ತೇನೆ. ಇಂಗ್ಲಿಷಿನಲ್ಲಿ ಇದಕ್ಕೆ ಸಮನಾದದ್ದಿಲ್ಲ, ಪರೀಕ್ಷೆಯಲ್ಲಿ ಅತಿ ಹೆಚ್ಚು ಮರೆತುಹೋಗುವ ಅಕ್ಷರ ಇದೇ ಇರಬೇಕು. ಕನ್ನಡದಲ್ಲಿ ‘ಮನೆ ನೋಡಿದೆ’, ‘ಪುಸ್ತಕ ಓದಿದೆ’ ಎಂದು ‘ಅನ್ನು’ ಬಿಟ್ಟು ಹೇಳಬಹುದು, ‘ಮರಿಯಾ ನೋಡಿದೆ’ ಎನ್ನಲಾಗದು. ಮನುಷ್ಯರಿಗೆ ಪ್ರತ್ಯಯ ಕಡ್ಡಾಯ, ವಸ್ತುಗಳಿಗೆ ಐಚ್ಛಿಕ. ಸಾವಿರಾರು ಮೈಲಿ ದೂರದ ಎರಡು ಭಾಷೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಇಂಥದೊಂದು ಸೂಕ್ಷ್ಮಕ್ಕೆ ಬಂದು ನಿಂತಿರುವುದು ನನಗೆ ಪ್ರತಿ ಸಲವೂ ಸಂತೋಷ ಕೊಡುತ್ತದೆ.

‘ಸೆರ್’ ಮತ್ತು ‘ಎಸ್ತಾರ್’ ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಕ್ರಿಯಾಪದ. ‘ಅವಳು ಡಾಕ್ಟರು’, ‘ಅವಳು ಒಳ್ಳೆಯವಳು’ ಎಂದು ಕ್ರಿಯಾಪದವೇ ಇಲ್ಲದೆ ಕನ್ನಡದಲ್ಲಿ ವಾಕ್ಯ ಮುಗಿದರೆ ‘ಸೆರ್’. ‘ಮನೆಯಲ್ಲಿದ್ದಾಳೆ’, ‘ದಣಿದಿದ್ದಾಳೆ’, ‘ಚೆನ್ನಾಗಿದ್ದಾಳೆ’ ಎಂದು ‘ಇದ್ದಾಳೆ’ ಬಂದರೆ ‘ಎಸ್ತಾರ್’. ‘ಎತ್ತರವಾಗಿದ್ದಾಳೆ’ ಎಂಬಂಥ ಶಾಶ್ವತ ಗುಣಗಳು, ‘ಮದುವೆ ಇಂಥ ಕಡೆ ಇದೆ’ ಎಂಬಂಥ ಸಮಾರಂಭಗಳು ಇದಕ್ಕೆ ಹೊರತು, ಅಲ್ಲಿ ‘ಸೆರ್’.

ಕನ್ನಡ ನೆರವಾಗದ ಕಡೆ

ಕನ್ನಡದಲ್ಲಿ ಲಿಂಗ ಅರ್ಥದಿಂದ ಬರುತ್ತದೆ. ಮೇಜು, ಪುಸ್ತಕ, ನದಿ ಎಲ್ಲಕ್ಕೂ ‘ಅದು’. ಸ್ಪ್ಯಾನಿಷ್‌ನಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಯೋಚಿಸಿ ಕಂಡುಕೊಳ್ಳುವ ದಾರಿಯಿಲ್ಲ, ಮೊದಲ ದಿನದಿಂದಲೇ ‘ಲಾ ಮೇಸಾ’, ‘ಎಲ್ ಲೀಬ್ರೊ’ ಎಂದು ಉಪಪದ ಸೇರಿಸಿಯೇ ಕಲಿಯಬೇಕು. ಮೊದಲ ವರ್ಷ ಬರಿಯ ‘ಮೇಸಾ’ ಕಲಿತ ಮಕ್ಕಳು ಎರಡನೇ ವರ್ಷ ಎಲ್ಲವನ್ನೂ ಮತ್ತೆ ಕಲಿಯಬೇಕಾಗುತ್ತದೆ, ಏಕೆಂದರೆ ಈಗ ಗುಣವಾಚಕವೂ ಸರ್ವನಾಮವೂ ಲಿಂಗವನ್ನು ಅನುಸರಿಸಬೇಕು. ‘ಆ’ ಕೊನೆಯಾದರೂ ಪುಲ್ಲಿಂಗವಾಗಿರುವ ‘ಪ್ರೊಬ್ಲೇಮಾ’, ‘ಸಿಸ್ತೇಮಾ’, ‘ತೇಮಾ’, ‘ಇದಿಯೋಮಾ’ ಗ್ರೀಕಿನಿಂದ ಬಂದವು. ‘ದೀಯಾ’, ‘ಮಾಪಾ’ ಕೂಡ ಪುಲ್ಲಿಂಗ, ‘ಒ’ ಕೊನೆಯ ‘ಮಾನೊ’ ಸ್ತ್ರೀಲಿಂಗ. ಪ್ರಶ್ನೆಪತ್ರಿಕೆಗಳಿಗೆ ಇವು ಪ್ರಿಯವಾದವು.

ಪದಗಳ ಜೋಡಣೆಯೂ ಬೇರೆ. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ, ಅವರದು ನಡುವೆ. ನಮ್ಮ ‘ಕೆಂಪು ಮನೆ’ ಅವರಿಗೆ ‘ಮನೆ ಕೆಂಪು’. ಆದ್ದರಿಂದ ಕನ್ನಡವನ್ನು ರೂಪ ಆರಿಸಲು ಬಳಸಿ, ವಾಕ್ಯ ಕಟ್ಟಲು ಅಲ್ಲ.

ಒತ್ತು ಎಲ್ಲಕ್ಕಿಂತ ಅಪಾಯಕಾರಿ. ‘ಆಬ್ಲೊ’ ಎಂದು ಮೊದಲ ಅಕ್ಷರಕ್ಕೆ ಒತ್ತು ಕೊಟ್ಟರೆ ‘ನಾನು ಮಾತಾಡುತ್ತೇನೆ’, ‘ಅಬ್ಲೋ’ ಎಂದು ಕೊನೆಗೆ ಕೊಟ್ಟರೆ ‘ಅವನು ಮಾತಾಡಿದ’. ಬರವಣಿಗೆಯಲ್ಲಿ ವ್ಯತ್ಯಾಸ ಕೊನೆಯ ಅಕ್ಷರದ ಮೇಲಿನ ಒಂದು ಗೀಟು ಮಾತ್ರ. ಆ ಗೀಟನ್ನು ಅಲಂಕಾರವೆಂದು ಭಾವಿಸಿ ಬಿಟ್ಟುಬಿಡುವ ಮಕ್ಕಳು ಎರಡನೇ ವರ್ಷದಲ್ಲಿ ಸುಮ್ಮನೆ ಅಂಕ ಕಳೆದುಕೊಳ್ಳುತ್ತಾರೆ. ನಿಯಮ ಸರಳ. ಪದ ಸ್ವರದಲ್ಲೋ ‘ನ್’, ‘ಸ್’ಗಳಲ್ಲೋ ಕೊನೆಯಾದರೆ ಒತ್ತು ಕೊನೆಯದರ ಹಿಂದಿನ ಅಕ್ಷರಕ್ಕೆ, ಬೇರೆ ವ್ಯಂಜನದಲ್ಲಿ ಕೊನೆಯಾದರೆ ಕೊನೆಯ ಅಕ್ಷರಕ್ಕೆ. ಇದನ್ನು ಮುರಿಯುವ ಪದಕ್ಕೆ ಗೀಟು. ‘ತೂಬೆ’, ‘ಬೀನೆ’ ಗುಂಪಿನವು ಮುರಿಯುವುದಿಲ್ಲ, ಅವುಗಳಿಗೆ ಗೀಟಿಲ್ಲ.

ಉಚ್ಚಾರಣೆಯ ಉಳಿದ ಭಾಗದಲ್ಲಿ ಮಾತ್ರ ನಮ್ಮ ಮಕ್ಕಳಿಗೆ ದೊಡ್ಡ ಅನುಕೂಲವಿದೆ. ಅಮೆರಿಕದ ನಾಲಗೆ ‘ಟ’, ‘ಡ’ದತ್ತ ವಾಲುತ್ತದೆ, ಸ್ಪ್ಯಾನಿಷ್‌ಗೆ ಬೇಕಾದದ್ದು ‘ತ’, ‘ದ’. ಸ್ವರಗಳು ಐದೇ, ಅ ಎ ಇ ಒ ಉ, ಎಳೆಯದೆ ತಿರುಚದೆ ಹೇಳಬೇಕು. ‘ಪೆರೊ’ ಎಂದರೆ ಆದರೆ, ‘ಪೆರ್ರೊ’ ಎಂದರೆ ನಾಯಿ. ಒತ್ತಕ್ಷರದ ಅಭ್ಯಾಸವಿರುವ ನಮಗೆ ಈ ಭೇದ ಕಿವಿಗೆ ಕೂಡಲೇ ಬೀಳುತ್ತದೆ. ‘ವ’ ಬರೆದರೂ ಓದುವುದು ‘ಬ’, ಇದೊಂದನ್ನು ಮರೆಯಬಾರದು. ಮನೆಯಲ್ಲಿ ಯಾರಾದರೂ ಕನ್ನಡ ಬರೆಯುವವರಿದ್ದರೆ ಹೊಸ ಪದಗಳನ್ನು ಮಗು ಹೇಳಲಿ, ನೀವು ಕನ್ನಡದಲ್ಲಿ ಬರೆಯಿರಿ. ನೀವು ‘ಟ’ ಬರೆಯಬೇಕಾಗಿ ಬಂದರೆ ಅವರ ಉಚ್ಚಾರ ತಪ್ಪಿದೆ ಎಂದೇ ಅರ್ಥ.

ದಿನದ ಹದಿನೈದು ನಿಮಿಷ

ಭಾನುವಾರ ಸಂಜೆ ಎರಡು ಗಂಟೆ ಕೂರುವುದಕ್ಕಿಂತ ದಿನವೂ ಹದಿನೈದು ನಿಮಿಷ ಕೂರುವುದು ಮೇಲು. ನಾನು ಎಲ್ಲರಿಗೂ ಹೇಳುವ ಅಭ್ಯಾಸ ಒಂದು. ರಾತ್ರಿ ಊಟಕ್ಕೆ ಕೂತಾಗ ‘ಇವತ್ತು ಏನಾಯ್ತು?’ ಎಂದು ಕೇಳಿ. ಮಗು ಕನ್ನಡದಲ್ಲಿ ಐದು ವಾಕ್ಯ ಹೇಳಲಿ: ಬಸ್ಸಿಗೆ ಕಾಯುತ್ತಿದ್ದೆ, ಮಳೆ ಬರುತ್ತಿತ್ತು, ಗೆಳತಿ ಸಿಕ್ಕಿದಳು, ಅವಳಿಗೆ ಪುಸ್ತಕ ಕೊಟ್ಟೆ, ಅವಳಿಗೆ ಅದು ಇಷ್ಟವಾಯಿತು. ಎರಡು ಭೂತಕಾಲಗಳೂ ‘ಗೆ’ಯೂ ‘ಇಷ್ಟ’ವೂ ಅದರಲ್ಲಿ ಬಂದುಹೋದವು. ಊಟ ಮುಗಿದ ಮೇಲೆ ಅದೇ ಐದನ್ನು ಸ್ಪ್ಯಾನಿಷ್‌ನಲ್ಲಿ ಬರೆಯಲಿ. ನಿಮಗೆ ಸ್ಪ್ಯಾನಿಷ್ ಬಾರದಿದ್ದರೂ ‘ಕಾಯುತ್ತಿದ್ದೆ ಅಂದೆಯಲ್ಲ, ಇಲ್ಲಿ ಯಾವ ರೂಪ ಹಾಕಿದೆ?’ ಎಂದು ಕೇಳಲು ಬರುತ್ತದೆ. ಈ ಪ್ರಶ್ನೆಯಿಂದಲೇ ಅರ್ಧ ತಪ್ಪು ತಿದ್ದಿಹೋಗುತ್ತದೆ. ಮನೆಯಲ್ಲಿ ಕನ್ನಡ ಕಡಿಮೆಯಾಗುತ್ತಿದೆ ಎಂದು ಕೊರಗುವವರಿಗೆ ಕನ್ನಡವನ್ನೂ ಆಡಿಸುವ ನೆಪ ಇದು.

ಕ್ರಿಯಾಪದದ ರೂಪಗಳನ್ನು ತಿರುವಿಹಾಕಲು ‘ಕೊನ್ಹುಗೇಮೊಸ್’ ಜಾಲತಾಣ ಒಳ್ಳೆಯದು, ಅನೇಕ ಟೀಚರುಗಳೇ ಅದನ್ನು ಹೋಮ್‌ವರ್ಕಿಗೆ ಕೊಡುತ್ತಾರೆ. ಪದದ ಅರ್ಥಕ್ಕೆ ‘ಸ್ಪ್ಯಾನಿಷ್‌ಡಿಕ್ಟ್’, ‘ವರ್ಡ್‌ರೆಫರೆನ್ಸ್’. ಡುವೊಲಿಂಗೊ ಅಭ್ಯಾಸ ತಪ್ಪದಂತೆ ಕಾಯುತ್ತದೆ, ಕ್ಲಾಸಿನ ಪಾಠಕ್ಕೆ ಬದಲಿಯಾಗದು. ಕೇಳಿಸಿಕೊಳ್ಳುವ ಪರೀಕ್ಷೆಯಲ್ಲಿ ಸೋಲುವವರಿಗೆ ‘ಡ್ರೀಮಿಂಗ್ ಸ್ಪ್ಯಾನಿಷ್’ ವಿಡಿಯೊಗಳಿವೆ. ಮಟ್ಟಕ್ಕೆ ತಕ್ಕಂತೆ ನಿಧಾನವಾಗಿ, ಚಿತ್ರ ಬರೆದು, ಕೈಸನ್ನೆ ಮಾಡಿ ಮಾತಾಡುತ್ತಾರೆ. ಮೊದಲೇ ನೋಡಿ ಕಥೆ ಗೊತ್ತಿರುವ ಸಿನಿಮಾವನ್ನು ಸ್ಪ್ಯಾನಿಷ್ ಧ್ವನಿ, ಸ್ಪ್ಯಾನಿಷ್ ಅಡಿಬರಹದೊಂದಿಗೆ ಮತ್ತೆ ನೋಡುವುದೂ ಒಳ್ಳೆಯ ಉಪಾಯ. ಮೆಕ್ಸಿಕೊದ ಹಿರಿಯರ ಹಬ್ಬವನ್ನು ಕುರಿತ ‘ಕೊಕೊ’ವನ್ನು ಬಹಳ ಮಕ್ಕಳು ನೋಡಿರುತ್ತಾರೆ, ಅಲ್ಲಿಂದ ಶುರುಮಾಡಬಹುದು.

ಅನುವಾದ ಯಂತ್ರಕ್ಕೆ ಪ್ರಬಂಧ ಬರೆಸುವ ಆಸೆ ಈ ವರ್ಷವೇ ಹುಟ್ಟುತ್ತದೆ. ಅದು ಮೂರನೇ ನಾಲ್ಕನೇ ವರ್ಷದಲ್ಲಿ ಕಲಿಸುವ ರೂಪಗಳನ್ನು ಧಾರಾಳವಾಗಿ ಬಳಸುತ್ತದೆ, ಟೀಚರಿಗೆ ಮೊದಲ ಸಾಲಿನಲ್ಲೇ ತಿಳಿಯುತ್ತದೆ. ಒಂದು ಪದದ ಅರ್ಥ ನೋಡಲಿ, ವಾಕ್ಯವನ್ನು ತಾನೇ ಕಟ್ಟಲಿ. ತಪ್ಪಿರುವ ಸ್ವಂತ ವಾಕ್ಯದಿಂದ ಟೀಚರಿಗೆ ಮಗುವಿನ ತೊಡಕು ಎಲ್ಲಿದೆಯೆಂದು ಕಾಣುತ್ತದೆ.

ಅಮೆರಿಕದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜನ ಮನೆಯಲ್ಲಿ ಸ್ಪ್ಯಾನಿಷ್ ಆಡುತ್ತಾರೆ. ಪಕ್ಕದ ಬೆಂಚಿನವರು, ಅಂಗಡಿಯವರು, ತೋಟ ನೋಡಿಕೊಳ್ಳುವವರು ಆ ಭಾಷೆಯವರಾಗಿರಬಹುದು. ಅವರೊಂದಿಗೆ ಎರಡು ಮಾತಾಡಲು ಮಕ್ಕಳಿಗೆ ಧೈರ್ಯ ಕೊಡಿ. ಹಿರಿಯರಾದರೆ ‘ಉಸ್ತೆದ್’, ಗೆಳೆಯರಾದರೆ ‘ತೂ’. ನೀನು-ನೀವು ತಿಳಿದ ಮನೆಯಲ್ಲಿ ಇದನ್ನು ಕಲಿಸಬೇಕಾಗಿಲ್ಲ, ‘ಉಸ್ತೆದ್’ ಜೊತೆಗೆ ಕ್ರಿಯಾಪದ ಪ್ರಥಮ ಪುರುಷದಲ್ಲಿ, ಅಂದರೆ ‘ಅವನು, ಅವಳು’ ರೂಪದಲ್ಲಿ, ಇರಬೇಕೆಂದು ನೆನಪಿಸಿದರೆ ಸಾಕು. ಎರಡನೇ ವರ್ಷದ ಕೊನೆಗೆ ಪೂರ್ಣ ವೇಗದ ಮಾತು ಅರ್ಥವಾಗಬೇಕೆಂದು ನಿರೀಕ್ಷಿಸಬೇಡಿ. ನಡೆದ ಒಂದು ಘಟನೆಯನ್ನು ಸರಳ ವಾಕ್ಯಗಳಲ್ಲಿ ಹೇಳಲು, ಬೇಕಾದದ್ದನ್ನು ಕೇಳಿ ಪಡೆಯಲು ಬಂದರೆ ಮಗು ಸರಿಯಾದ ಜಾಗದಲ್ಲಿದೆ.

ಮೂರನೇ ವರ್ಷಕ್ಕೆ ಮುಂದುವರಿಸಬೇಕೇ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರವೇಶಕ್ಕೆ ಇಂಗ್ಲಿಷೇತರ ಭಾಷೆಯೊಂದರಲ್ಲಿ ಎರಡು ವರ್ಷ ಕಡ್ಡಾಯ, ಮೂರು ವರ್ಷಕ್ಕೆ ಶಿಫಾರಸು. ಬೇರೆ ಕಾಲೇಜುಗಳ ನಿಯಮ ಬೇರೆ, ನೋಡಿ ನಿರ್ಧರಿಸಿ. ಕಷ್ಟದ ಎರಡನೇ ವರ್ಷವನ್ನು ದಾಟಿದವರು ಅಲ್ಲಿಗೆ ನಿಲ್ಲಿಸಬಾರದು ಎನ್ನುವುದು ನನ್ನ ಅಭಿಪ್ರಾಯ, ಮಾತು ನಿಜವಾಗಿ ಬಾಯಿಗೆ ಬರಲು ಶುರುವಾಗುವುದು ಮೂರನೆಯದರಲ್ಲಿ. ಎರಡು ಭಾಷೆಗಳ ಪ್ರೌಢಿಮೆಗೆ ಹೈಸ್ಕೂಲು ಡಿಪ್ಲೊಮಾದ ಮೇಲೆ ಕೊಡುವ ‘ಸೀಲ್ ಆಫ್ ಬೈಲಿಟರಸಿ’ಗೆ ಕ್ಯಾಲಿಫೋರ್ನಿಯಾ 2011ರಲ್ಲಿ ಕಾನೂನು ಮಾಡಿತು, ನಂತರ ಹೆಚ್ಚಿನ ರಾಜ್ಯಗಳು ಅನುಸರಿಸಿವೆ. ಕೆಲವು ಶಾಲಾ ಜಿಲ್ಲೆಗಳು ವಾರಾಂತ್ಯದ ಕನ್ನಡ ಶಾಲೆಯ ಕಲಿಕೆಗೂ ಕ್ರೆಡಿಟ್ ಕೊಡುತ್ತವೆ. ಮುಂದಿನ ವರ್ಷದ ವಿಷಯ ಆಯ್ಕೆಯ ಫಾರ್ಮು ಬರುವ ಮೊದಲೇ ಶಾಲೆಯ ಕೌನ್ಸಿಲರನ್ನು ಕಂಡು, ನಿಮ್ಮ ಜಿಲ್ಲೆಯಲ್ಲಿ ಸ್ಪ್ಯಾನಿಷ್‌ಗೆ ಏನು ಸಿಗುತ್ತದೆ, ಕನ್ನಡಕ್ಕೆ ಏನು ಸಿಗುತ್ತದೆ ಎಂದು ಎರಡನ್ನೂ ಒಟ್ಟಿಗೇ ಕೇಳಿ.